ಬರಲಿರುವ ಗೇಮ್ ಬಗ್ಗೆ ಬರೆದು ಪೇಚಿಗೆ ಸಿಕ್ಕಿದ್ದು

ಮೈಸೂರಿನ ಸರಸ್ವತಿಪುರಂ ರೂಮಿನಲ್ಲಿ ಕೂತು 'ಗ್ರ್ಯಾಂಡ್ ಥೆಫ್ಟ್ ಆಟೋ 6' ಅನ್ನೋ ವಿಡಿಯೊ ಗೇಮ್ ಬಗ್ಗೆ ಆನ್‌ಲೈನ್ ವಿಶ್ವಕೋಶವೊಂದಕ್ಕೆ ಕನ್ನಡದಲ್ಲಿ ಲೇಖನ ಬರೆದಿದ್ದೆ. ಮಾರನೇ ದಿನ ನೋಡಿದರೆ ಸಾಲುಸಾಲಿಗೂ 'ಉಲ್ಲೇಖ ಬೇಕು', ಅಂದರೆ ಮಾಹಿತಿಯ ಮೂಲ ತೋರಿಸಿ, ಅನ್ನೋ ಗುರುತು. ಸಿಟ್ಟು ಬಂತು. ಆದರೆ ತಪ್ಪು ನನ್ನದೇ. ಯಾರೋ ವಿಡಿಯೊದಲ್ಲಿ ಊಹಿಸಿದ ಮ್ಯಾಪಿನ ಅಳತೆ, ಬೆಲೆ ಎಲ್ಲ ತುಂಬಿದ್ದೆ. ಮೊದಲ ಸಾಲಲ್ಲೇ '2025ರಲ್ಲಿ ಬಿಡುಗಡೆಯಾಗುತ್ತದೆ' ಎಂದು ಖಡಾಖಂಡಿತವಾಗಿ ಬರೆದಿದ್ದೆ.

ಗಾಳಿಸುದ್ದಿಯನ್ನೆಲ್ಲ ಅಳಿಸಿದೆ. ಅರ್ಧ ಲೇಖನವೇ ಹೋಯಿತು, ಹೊಟ್ಟೆ ಉರಿಯಿತು.

ಜಾಸ್ತಿ ತಲೆ ತಿಂದಿದ್ದು ದಿನಾಂಕ. ಹಳೆಯದನ್ನು ತೆಗೆದು ಹೊಸದು ಹಾಕಿದರೆ ಮುಗೀತು ಅಂದುಕೊಂಡೆ. ಆದರೆ ಮುಂದೂಡಿದ್ದೂ ಆ ಗೇಮಿನ ಇತಿಹಾಸವೇ ಅಲ್ವಾ? ಹಾಗಾಗಿ ಮೂರನ್ನೂ ಇಟ್ಟೆ. 2023ರ ಡಿಸೆಂಬರಿನ ಮೊದಲ ಟ್ರೇಲರ್ 2025 ಎಂದಿತ್ತು. 2025ರ ಮೇ ತಿಂಗಳಲ್ಲಿ ಗೇಮ್ ತಯಾರಿಸುವ ಕಂಪನಿ ರಾಕ್‌ಸ್ಟಾರ್ ಅದನ್ನು 2026ರ ಮೇ 26ಕ್ಕೆ ತಳ್ಳಿತು. 2025ರದೇ ನವೆಂಬರಿನಲ್ಲಿ ಮತ್ತೆ ಮುಂದೂಡಿ 2026ರ ನವೆಂಬರ್ 19 ಎಂದಿತು. 'ಬಿಡುಗಡೆಯಾಗುತ್ತದೆ' ಹೋಗಿ 'ಎಂದು ಕಂಪನಿ ಘೋಷಿಸಿದೆ' ಬಂತು. ಈ ಒಂದು ಬದಲಾವಣೆಯಿಂದ ಸಾಲು ಹಳಸುವುದಿಲ್ಲ. ಪ್ರತಿ ದಿನಾಂಕಕ್ಕೂ ಕಂಪನಿಯ ಪ್ರಕಟಣೆಯ ಜೊತೆಗೆ ಒಂದು ಪತ್ರಿಕಾ ವರದಿಯನ್ನೂ ಕೊಟ್ಟೆ. ತನ್ನ ಬಗ್ಗೆ ತಾನೇ ಹೇಳಿಕೊಂಡಿದ್ದಷ್ಟೇ ಸಾಲದು ನೋಡಿ.

ಕಥೆಯ ಭಾಗ ಈಗ ಎರಡೇ ಸಾಲು: ಮುಖ್ಯ ಪಾತ್ರಗಳಾದ ಜೇಸನ್, ಲೂಸಿಯಾ, ಮತ್ತೆ ಕಥೆ ನಡೆಯುವ ವೈಸ್ ಸಿಟಿ.

ಮಂಡ್ಯದ ಗೆಳೆಯ ಓದಿ, "ಇಷ್ಟೇನಾ ಗುರು?" ಅಂದ. ಸದ್ಯಕ್ಕೆ ಇಷ್ಟೇ. ಗುರುತುಗಳಂತೂ ಹೋಗಿವೆ.