ಕ್ಯಾಪ್ ಲೈಟ್ ಹತ್ತುತ್ತಿತ್ತು, ದೋಷ ಇದ್ದದ್ದು ಎರಡು ಗೇಣು ಹಿಂದೆ

ನನ್ನ ಶೆಡ್ ಬೆಳಗಾವಿಯ ಉದ್ಯಮಬಾಗಿನಲ್ಲಿದೆ. ಕಬ್ಬಿನ ಟ್ರೇಲರ್ ಚಾಸಿ ಮಾಡುತ್ತೇನೆ. ಶ್ರಾವಣ ಬಂತೆಂದರೆ ನಮಗೆ ಊಟಕ್ಕೂ ಪುರುಸೊತ್ತಿಲ್ಲ. ಫ್ಯಾಕ್ಟರಿ ಶುರುವಾಗುವ ಹೊತ್ತಿಗೆ ಗಾಡಿ ರೈತರ ಮನೆ ಮುಂದೆ ನಿಂತಿರಬೇಕು. ಹೋದ ವರ್ಷ ಸರಿಯಾಗಿ ಅದೇ ಹೊತ್ತಿಗೆ ಪ್ಲಾಸ್ಮಾ, ಅಂದರೆ ಕರೆಂಟಿನ ಆರ್ಕ್ ಮತ್ತು ಗಾಳಿಯಿಂದ ಕಬ್ಬಿಣ ಕತ್ತರಿಸುವ ಮಷೀನು, ಕೈಕೊಟ್ಟಿತು.

10 ಎಂಎಂ ಪ್ಲೇಟ್ ಅರ್ಧ ಕಟ್ ಆಗಿರುತ್ತೆ, ಆರ್ಕ್ ಠಪ್ ಅಂತ ನಿಲ್ಲುತ್ತೆ. ಕ್ಯಾಪ್ ಫಾಲ್ಟ್ ಲೈಟ್ ಹತ್ತುತ್ತೆ, ಅಂದರೆ ಟಾರ್ಚಿನ ತುದಿಯ ಕ್ಯಾಪ್ ಸರಿಯಾಗಿ ಕೂತಿಲ್ಲ ಅಂತ. ಕ್ಯಾಪ್ ಬಿಚ್ಚಿ ಮತ್ತೆ ಹಾಕಿದರೆ ಹೋಗುತ್ತೆ. ಹತ್ತು ನಿಮಿಷಕ್ಕೆ ಮತ್ತೆ ಅದೇ. "ಅಣ್ಣಾ, ಮತ್ತ ಲೈಟ್ ಬಂತು ನೋಡ್ರಿ" ಅನ್ನುವ ಹುಡುಗನ ದನಿ ಕೇಳಿದರೆ ಹೊಟ್ಟೆ ತಳಮಳಿಸುತ್ತಿತ್ತು.

ಎಲ್ಲರೂ ಮಾಡುವುದನ್ನೇ ನಾನೂ ಮೊದಲು ಮಾಡಿದೆ. ಟಾರ್ಚಿನ ಹೆಡ್ಡಿನಲ್ಲಿ ಸವೆಯುವ ಎಲೆಕ್ಟ್ರೋಡ್, ನಾಝಲ್, ಸ್ವರ್ಲ್ ರಿಂಗ್ ಹೊಸದು ಹಾಕಿದೆ. ಸುಮಾರು 1,500 ಹೋಯಿತು. ಹೆಡ್ ಒಳಗಿನ ಕಪ್ಪು ಧೂಳು ಒರೆಸಿದೆ. ಆಮೇಲೆ ಅವನ್ನೆಲ್ಲ ಹಿಡಿದಿಡುವ ರಿಟೈನಿಂಗ್ ಕ್ಯಾಪ್ ಮೇಲೆ ಅನುಮಾನ ಬಂತು. ಒರಿಜಿನಲ್ ಮೂರು ಸಾವಿರದ ಹತ್ತಿರ, ಡೂಪ್ಲಿಕೇಟ್ 900. ಡೂಪ್ಲಿಕೇಟ್ ತಂದೆ. ಫಾಲ್ಟ್ ಕಡಿಮೆಯಾಗುವುದಿರಲಿ, ಜಾಸ್ತಿಯಾಯಿತು. ವರ್ನಿಯರ್ ಹಿಡಿದು ನೋಡಿದರೆ ಹಳೆಯದಕ್ಕಿಂತ 0.4 ಎಂಎಂ ಗಿಡ್ಡ. ಕ್ಯಾಪ್ ಕೂತಿದೆಯೋ ಇಲ್ಲವೋ ನೋಡುವ ಒಳಗಿನ ಸ್ವಿಚ್ಚಿನ, ಅಂದರೆ ಸೆನ್ಸರಿನ, ಪಿನ್ ಪೂರ್ತಿ ಒತ್ತುತ್ತಲೇ ಇರಲಿಲ್ಲ. ಅಂಗಡಿಯಲ್ಲಿ ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ಅಳೆದೇ ತಗೊಳ್ಳಿ. ಹಳೇ ಕ್ಯಾಪನ್ನೇ ವಾಪಸ್ ಹಾಕಿ ಸ್ವಿಚ್ ತರಿಸಿದೆ. 4,500 ಕೊಟ್ಟು ಆರು ದಿನ ಕಾದೆ. ಬೆಳಿಗ್ಗೆ ಹಾಕಿದೆ, ಸಂಜೆಗೆ ಲೈಟ್ ಬಂತು.

ಸರ್ವಿಸಿನವರು ಬಂದರು. ಮೀಟರ್ ಇಟ್ಟರು, ಬೀಪ್ ಅಂತು, ಅಂದರೆ ವೈರ್ ಎಲ್ಲೂ ತುಂಡಾಗಿಲ್ಲ ಅಂತ. "ಸರ್, ಟಾರ್ಚ್ ಲೀಡ್ ಸಮೇತ ಬದಲು ಮಾಡಿಬಿಡಿ" ಅಂತ 58 ಸಾವಿರದ ಕೊಟೇಶನ್ ಕೊಟ್ಟರು. ಲೀಡ್ ಅಂದರೆ ಮಷೀನಿನಿಂದ ಟಾರ್ಚಿಗೆ ಹೋಗುವ ಕೇಬಲ್. ಪಕ್ಕದ ಶೆಡ್ಡಿನ ಕಾಕಾ ಬೇರೆ ದಾರಿ ಹೇಳಿದರು. "ಆ ಸ್ವಿಚ್ಚಿನ ಎರಡು ವೈರ್ ಕೂಡಿಸಿ ಬಿಡೋ, ಯಾವ ಸೆನ್ಸರೂ ಬ್ಯಾಡ."

ಅದನ್ನು ಮಾತ್ರ ನಾನು ಮಾಡಲಿಲ್ಲ. ಎರಡು ವರ್ಷದ ಹಿಂದೆ ನಮ್ಮ ಹುಡುಗನೊಬ್ಬ ಮೇನ್ ಆಫ್ ಮಾಡದೆ ನಾಝಲ್ ಬದಲಿಸಲು ಕೂತಿದ್ದ. ಟಾರ್ಚ್ ತೊಡೆ ಮೇಲಿತ್ತು. ಕ್ಯಾಪ್ ಕೈಯಲ್ಲಿತ್ತು. ಹಿಡಿ ಜಾರಿತು, ಟ್ರಿಗರ್ ಅದುಮಿತು. ಮಷೀನು ಲೈಟ್ ಹತ್ತಿಸಿ ಸುಮ್ಮನಾಯಿತು. ಎಲೆಕ್ಟ್ರೋಡಿಗೆ 250ರಿಂದ 300 ವೋಲ್ಟ್ ಡಿಸಿ ಬರುವ ಜಾಗ ಅದು. ಆ ಸೆನ್ಸರ್ ಇಲ್ಲದಿದ್ದರೆ ಆ ಹುಡುಗ ಇವತ್ತು ನನ್ನ ಜೊತೆ ಇರುತ್ತಿದ್ದನೋ ಇಲ್ಲವೋ. ಹಾಗೆ ವೈರ್ ಕೂಡಿಸಿ, ಜಂಪರ್ ಹಾಕಿ ಕೆಲಸ ನಡೆಸುವವರು ಈ ಒಂದು ಮಾತು ಕೇಳಿ, ತೆಗೆದುಬಿಡಿ.

ಕೊನೆಗೆ ಚಾಕ್‌ಪೀಸ್ ತಗೊಂಡು ಕೂತೆ. ಫಾಲ್ಟ್ ಬಂದಾಗಲೆಲ್ಲ ಗೋಡೆ ಮೇಲೆ ಬರೆಸಿದೆ. ಎಷ್ಟು ಗಂಟೆ, ಯಾವ ಕಟ್, ಟಾರ್ಚ್ ಯಾವ ಕಡೆ ಹೋಗುತ್ತಿತ್ತು. ಮೂರು ದಿನಕ್ಕೆ ಇಪ್ಪತ್ತೆರಡೋ ಇಪ್ಪತ್ಮೂರೋ ಗೆರೆ ಬಿದ್ದವು. ಅದರಲ್ಲಿ ಹದಿನೇಳು ಪ್ಲೇಟಿನ ಆ ತುದಿಗೆ ಕೈ ಚಾಚಿದಾಗ ಬಂದವು, ಅಂದರೆ ಲೀಡ್ ಎಳೆದು ಬಾಗಿದಾಗ. ಬೆಳಗಿನ ಮೊದಲ ಅರ್ಧ ಗಂಟೆಯಲ್ಲಿ ಒಂದೂ ಇಲ್ಲ. ಅಲ್ಲೇ ಗೊತ್ತಾಯಿತು, ಇದು ಹೆಡ್ಡಿನ ರೋಗ ಅಲ್ಲ, ವೈರಿನದು. ಅದೂ ಬಿಸಿಯಾದ ಮೇಲೆ ಬರುವುದು.

ಮೇನ್ ಪ್ಲಗ್ ಕಿತ್ತು, ಒಳಗಿನ ಕೆಪಾಸಿಟರ್ ಇಳಿಯಲು ಬಿಟ್ಟು, ಲೀಡನ್ನು ಮಷೀನಿನಿಂದ ಪೂರ್ತಿ ಬಿಚ್ಚಿದೆ. ಮೀಟರಿನ ಬೀಪ್ ನಂಬಬೇಡಿ. ಕಣ್ಣು ಮಿಟುಕಿಸುವಷ್ಟು ಹೊತ್ತು ವೈರ್ ಬಿಟ್ಟರೆ ಎಷ್ಟೋ ಮೀಟರಿಗೆ ತಿಳಿಯುವುದೇ ಇಲ್ಲ. ನಾನು ಮೊದಲು ಬೈಕಿನ ಬಲ್ಬ್ ಹಾಕಲು ಹೋದೆ. ಅದು ಎಳೆಯುವ ಕರೆಂಟಿಗೆ ಹೊಸ ಸ್ವಿಚ್ಚಿನ ಕಾಂಟ್ಯಾಕ್ಟ್ ಹಾಳಾಗುತ್ತೆ ಅಂತ ಬಿಟ್ಟೆ. 40 ರೂಪಾಯಿಯ ಸಣ್ಣ ಬಝರ್, ಒಂದು 9 ವೋಲ್ಟ್ ಬ್ಯಾಟರಿ, ಅಷ್ಟೇ. ಸೆನ್ಸರಿನ ಎರಡು ಪಿನ್ನಿಗೆ ಕೊಟ್ಟೆ, ಕ್ಯಾಪ್ ಬಿಗಿಯಾಗಿ ಹಾಕಿದೆ. ಗುಂಯ್ ಅಂತ ಒಂದೇ ಸಮ ಕೂಗಿತು.

ಲೀಡನ್ನು ಇಂಚಿಂಚು ಬಗ್ಗಿಸಿದೆ. ಏನೂ ಆಗಲಿಲ್ಲ. ಒಂದು ಗಂಟೆ ಹೋಯಿತು. ಹುಡುಗರು ಮುಖ ಮುಖ ನೋಡಿಕೊಂಡರು. ಆಗ ಗೋಡೆ ಮೇಲಿನ ಗೆರೆ ನೆನಪಾಯಿತು. ಲೀಡನ್ನು ಹೊರಗೆ ಬಿಸಿಲಿಗೆ, ತಗಡಿನ ಮೇಲೆ ಹಾಕಿದೆ. ಮಧ್ಯಾಹ್ನ ಮತ್ತೆ ಹಿಡಿದೆ. ಹ್ಯಾಂಡಲಿನಿಂದ ಎರಡು ಗೇಣು ಹಿಂದೆ ಸ್ವಲ್ಪ ಬಗ್ಗಿಸಿ ತಿರುವಿದೆ ನೋಡಿ, ಬಝರ್ ತೊದಲಿತು. ಸೀಳಿ ನೋಡಿದರೆ ವೈರಿನ ಮೇಲುಹೊದಿಕೆ ಗಟ್ಟಿಯಾಗೇ ಇದೆ. ಉಗುರಲ್ಲಿ ಒತ್ತಿದರೆ ಒಂದು ಕಡೆ ಮೆತ್ತಗೆ ತಗ್ಗುತ್ತೆ. ಒಳಗೆ ತಾಮ್ರದ ಎಳೆಗಳು ಹಸಿರುಗಪ್ಪಾಗಿ ತುಂಡಾಗಿವೆ. ತಣ್ಣಗಿದ್ದಾಗ ತುದಿಗಳು ಒಂದಕ್ಕೊಂದು ತಾಗುತ್ತವೆ, ಬಿಸಿಗೆ ಹೊದಿಕೆ ಹಿಗ್ಗಿದರೆ ದೂರ ಸರಿಯುತ್ತವೆ.

ಖುಷಿಗೆ ಅಲ್ಲೇ ಬೆಸುಗೆ ಹಾಕಿಬಿಟ್ಟೆ. ಅದು ದೊಡ್ಡ ತಪ್ಪು. ಬೆಸುಗೆ ಬಿದ್ದ ಜಾಗ ಕಡ್ಡಿಯ ಹಾಗೆ ಸೆಟೆದುಕೊಳ್ಳುತ್ತೆ, ಪಕ್ಕದಲ್ಲೇ ಮುರಿಯುತ್ತೆ. ಒಂಬತ್ತನೇ ದಿನ ಮತ್ತೆ ಲೈಟ್.

ಎರಡನೇ ಸಲ 25 ಅಡಿ ಲೀಡಿನ ಉದ್ದಕ್ಕೂ ಹೊಸ ಜೋಡಿ ವೈರ್ ಎಳೆದೆ. ಸಿಲಿಕಾನ್ ಹೊದಿಕೆಯ, ಸಣ್ಣ ಎಳೆಗಳ, 600 ವೋಲ್ಟ್ ತಡೆಯುವ ವೈರ್. ನಡುವೆ ಒಂದೂ ಜಾಯಿಂಟ್ ಇಲ್ಲ. ಹೊರಗಿನ ಕವಚ ಸೀಳದೆ ಅಷ್ಟುದ್ದ ಹೇಗೆ ತೂರಿಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ. ಎರಡು ರಾತ್ರಿ ನಿದ್ದೆಗೆಟ್ಟು ಕಲಿತದ್ದು. ಈಗ ಅಕ್ಕಪಕ್ಕದ ಮೂರು ಶೆಡ್ಡಿನವರು ಲೀಡ್ ನನ್ನ ಹತ್ತಿರವೇ ತರುತ್ತಾರೆ, ಕಾಕಾ ಕೂಡ.

ಇದರ ನಡುವೆ ಟಾರ್ಚಿಗೆ ಬರುವ ಗಾಳಿಯದೂ ಒಂದು ಹುಡುಕಾಟ ಆಯಿತು. ಗೇಜ್ 6 ಬಾರ್ ತೋರಿಸುತ್ತಿತ್ತು, ಗಾಳಿ ಹರಿಯಲು ಬಿಟ್ಟರೆ 4ಕ್ಕೆ ಇಳಿಯುತ್ತಿತ್ತು. ಫಿಲ್ಟರ್ ತುಂಬ ಮಳೆಗಾಲದ ನೀರು, ತುಕ್ಕು. ಕ್ಯಾಪ್ ಫಾಲ್ಟಿಗೂ ಅದಕ್ಕೂ ಸಂಬಂಧ ಇರಲಿಲ್ಲ. ಆದರೆ ಫಿಲ್ಟರ್ ಬದಲಿಸಿದ ಮೇಲೆ ನಾಝಲ್ ಹೆಚ್ಚುಕಡಿಮೆ ಒಂದೂವರೆ ಪಟ್ಟು ಬಾಳಿಕೆ ಬರುತ್ತಿದೆ. ಗೇಜನ್ನು ಗಾಳಿ ಹರಿಯುವಾಗಲೇ ನೋಡಿ.

ಲೀಡಿನ ಭಾರ ಬಗ್ಗುವ ಜಾಗಕ್ಕೆ ಬೀಳದಿರಲಿ ಅಂತ ಒಂದಿಂಚು ಪೈಪಿನಲ್ಲಿ ತಿರುಗುವ ತೋಳು ಮಾಡಿ, ರಾಟೆ ಕಟ್ಟಿ, ಮೇಲಿನಿಂದ ತೂಗುಬಿಟ್ಟಿದ್ದೇನೆ. ಪೈಪ್ ಸ್ಕ್ರಾಪಿನದು. ವೈರ್, ಸ್ಲೀವ್, ಬಝರ್ ಎಲ್ಲ ಸೇರಿ 1,200 ದಾಟಿಲ್ಲ. ಅದಕ್ಕೆ ಮುಂಚೆ ದಂಡವಾದದ್ದು ಏಳು ಸಾವಿರ, ಜೊತೆಗೆ ಎರಡು ಟ್ರೇಲರ್ ತಡವಾದದ್ದಕ್ಕೆ ಬಿಟ್ಟುಕೊಟ್ಟ ಹಣ.

ದಸರಾ ಮುಂಚೆ ಮುಗಿದ ಕೆಲಸ. ಆ ಸೀಸನ್ನಿನಲ್ಲಿ ನಲವತ್ತಕ್ಕೂ ಹೆಚ್ಚು ಚಾಸಿ ಇದೇ ಟಾರ್ಚಿನಲ್ಲಿ ಕತ್ತರಿಸಿದೆವು. ಕ್ಯಾಪ್ ಲೈಟ್ ಒಂದೇ ಒಂದು ಸಲ ಹತ್ತಿತು. ಓಡಿ ಹೋಗಿ ನೋಡಿದೆ. ಹುಡುಗ ಕ್ಯಾಪನ್ನು ಅರ್ಧ ಸುತ್ತು ಸಡಿಲ ಬಿಟ್ಟಿದ್ದ.