ಚೆನ್ನಾಗಿ ಓಡುತ್ತಿರುವಾಗಲೇ ನಿಲ್ಲಿಸಿದೆ: ನನ್ನ ಅನುಭವ

ವಾರಕ್ಕೆ ಹದಿನಾಲ್ಕು ಹದಿನೈದು ಗಂಟೆ ಇದ್ದ ನನ್ನ ವ್ಯಾಯಾಮ ಈಗ ಆರೇಳು ಗಂಟೆಗೆ ಬಂದು ನಿಂತಿದೆ. ವರ್ಷಕ್ಕಿಂತ ಜಾಸ್ತಿ ಆಯಿತು, ಮತ್ತೆ ಏರಿಲ್ಲ. ಆದರೂ 10 ಕಿ.ಮೀ. ಓಟದ ಸಮಯ ಒಂದೂವರೆ ನಿಮಿಷದಷ್ಟು ಕಡಿಮೆಯಾಗಿದೆ. "ಒಂದೋ ಪೂರ್ತಿ ಬಿಡ್ತೀಯ, ಇಲ್ಲಾಂದ್ರೆ ಮತ್ತೆ ಅಲ್ಲಿಗೇ ಬರ್ತೀಯ" ಎಂದಿದ್ದ ಓಟದ ಗೆಳೆಯರೇ ಈಗ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಹೀಗೆ ಮಿತಿಮೀರಿ ವ್ಯಾಯಾಮ ಮಾಡುವುದು ಚಟವೋ ಹುಚ್ಚೋ ಅನ್ನುವ ಚರ್ಚೆ ಬೇಡ. 2013ರಲ್ಲಿ ಬಂದ ಡಿಎಸ್‌ಎಂ-5 ಎಂಬ ಅಮೆರಿಕದ ಮನೋವೈದ್ಯರ ಕೈಪಿಡಿಯ ಕಾಯಿಲೆಗಳ ಪಟ್ಟಿಯಲ್ಲಿ ಇದು ಇಲ್ಲ, ಒಪ್ಪಿದೆ. ಆದರೆ ಒಂದು ದಿನ ಓಟ ತಪ್ಪಿದರೆ ಮನೆಯವರ ಮೇಲೆ ರೇಗುವುದು, ಕಾಲು ನೋಯುತ್ತಿದ್ದರೂ ಟೇಪ್ ಸುತ್ತಿಕೊಂಡು ಹೊರಡುವುದು ಏನೆಂದು ನಮಗೆಲ್ಲ ಗೊತ್ತು, ಅಲ್ವಾ? ವ್ಯಾಯಾಮದ ಚಟ ಅಳೆಯಲು 2004ರ ಆರು ಪ್ರಶ್ನೆಗಳ ಪರೀಕ್ಷೆಯೊಂದಿದೆ. 30ಕ್ಕೆ 24 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಎಚ್ಚರ ಅಂತ ಲೆಕ್ಕ. ನನಗೆ 27ರ ಆಸುಪಾಸು ಬಂದಿತ್ತು. ಅಷ್ಟು ಅಂಕ ಬಂತಲ್ಲ ಅಂತ ಒಳಗೊಳಗೇ ಖುಷಿಯೂ ಆಗಿತ್ತು!

ಮೊದಲು ದುಡ್ಡಿನ ಮಾತು. ಮೊಣಕಾಲ ಕೆಳಗಿನ ಮೂಳೆಯಲ್ಲಿ ಸ್ಟ್ರೆಸ್ ಫ್ರ್ಯಾಕ್ಚರ್, ಅಂದರೆ ಪದೇಪದೇ ಬೀಳುವ ಭಾರಕ್ಕೆ ಮೂಡುವ ಸಣ್ಣ ಬಿರುಕು, ಆಯಿತು. ಎಂಆರ್‌ಐ, ಫಿಸಿಯೋ, ಮೊದಲೇ ಕಟ್ಟಿದ್ದ ರೇಸ್‌ಗಳ ಶುಲ್ಕ, ಎಲ್ಲ ಸೇರಿ ಸುಮಾರು ಎರಡು ತಿಂಗಳ ಸಂಬಳ ಹೋಯಿತು. ಆರರಿಂದ ಎಂಟು ವಾರ ಓಟ ಬಂದ್ ಅಂದರು. ನಾನು ಈಜಲು ಹೋದೆ, ಅದೂ ದಿನಕ್ಕೆ ಎರಡು ಹೊತ್ತು. ಚಟ ಕಾಲಿನಿಂದ ಭುಜಕ್ಕೆ ಏರಿತು ಅಷ್ಟೇ. ಆಮೇಲೆ ಭುಜಕ್ಕೂ ಫಿಸಿಯೋ.

ಎಲ್ಲರೂ ಹೇಳುವ ರೆಸ್ಟ್ ಡೇ ನನಗೆ ಹಿಡಿಸಲಿಲ್ಲ. ರಜೆಯ ದಿನ "ಸುಮ್ನೆ ಒಂದು ವಾಕ್" ಅಂತ ಹೊರಟರೆ ಹದಿನೈದು ಕಿ.ಮೀ. ಆಗುತ್ತಿತ್ತು. ಬಿಟ್ಟ ದಿನದ್ದು ಮಾರನೇ ದಿನ ಬಡ್ಡಿ ಸಮೇತ ವಸೂಲಾಗುತ್ತಿತ್ತು. ಆಮೇಲೆ ದಂಡ ಹಾಕಿಕೊಂಡೆ. ಮಿತಿ ಮೀರಿದರೆ ಗೆಳೆಯನಿಗೆ ದುಡ್ಡು. ನಾನು ನಗುನಗುತ್ತಾ ಕೊಟ್ಟೆ, ಅವನು ಅದರಲ್ಲಿ ಹೊಸ ಶೂ ತೆಗೆದುಕೊಂಡ. ಇದರಲ್ಲಿ ಆಶ್ಚರ್ಯವೇನೂ ಇಲ್ಲವಂತೆ. 1970ರ ಸುಮಾರಿಗೆ ಬೇಕ್‌ಲ್ಯಾಂಡ್ ಎಂಬ ಸಂಶೋಧಕ ಒಂದು ತಿಂಗಳು ವ್ಯಾಯಾಮ ಬಿಟ್ಟರೆ ಹಣ ಕೊಡುತ್ತೇನೆ ಅಂತ ಕರೆದರೆ, ದಿನಾ ಮಾಡುವವರು ಒಪ್ಪಲೇ ಇಲ್ಲ. ಕೊನೆಗೆ ವಾರಕ್ಕೆ ಮೂರ್ನಾಲ್ಕು ದಿನ ಮಾಡುವವರನ್ನು ಹಿಡಿದು ಪ್ರಯೋಗ ಮುಗಿಸಿದರು. ದುಡ್ಡಿಗೆ ಬಗ್ಗುವ ಜಾತಿಯಲ್ಲ ನಮ್ಮದು.

ಕೆಲಸ ಮಾಡಿದ್ದು ಬೇರೆ. ನನಗೆ ಕಷ್ಟವಿದ್ದದ್ದು ಓಡದೇ ಇರುವುದಲ್ಲ, ಶುರು ಮಾಡಿದ ಮೇಲೆ ನಿಲ್ಲಿಸುವುದು. ಹಾಗಾಗಿ ನಿಲ್ಲಿಸುವುದನ್ನೇ ಅಭ್ಯಾಸ ಮಾಡಿದೆ. ಓಡುವ ಹೊತ್ತಿನಲ್ಲಿ ಗೆಳೆಯ "ಸಾಕು" ಅಂತ ಫೋನ್ ಮಾಡಬೇಕು. ಯಾವಾಗ ಮಾಡುತ್ತಾನೆಂದು ನನಗೆ ಗೊತ್ತಿರಬಾರದು. ಉಸಿರು ಹದಕ್ಕೆ ಬಂದು ಕಾಲು ತಾನಾಗಿ ಹೋಗುತ್ತಿರುವಾಗಲೇ ಫೋನ್ ಬಂದರೆ ಇನ್ನೂ ಒಳ್ಳೆಯದು. ಅಲ್ಲೇ ನಿಲ್ಲಬೇಕು. ಮನೆ ದೂರವಿದ್ದರೆ ಬಸ್ಸು ಹತ್ತಬೇಕು, ಓಡಿ ಬರುವಂತಿಲ್ಲ. ಆ ದಿನದ ಬಾಕಿಯನ್ನು ಬೇರೆ ದಿನಕ್ಕೆ ಸೇರಿಸುವಂತಿಲ್ಲ. ವಾರಕ್ಕೆ ಎರಡು ಸಲ ಹೀಗೆ, ಉಳಿದ ದಿನ ಮಾಮೂಲು.

ಮೊದಮೊದಲು ನರಕ. ಚಡಪಡಿಕೆ ಇಳಿಯಲು ಅರ್ಧ ಗಂಟೆಯಾದರೂ ಹಿಡಿಯುತ್ತಿತ್ತು. ಒಮ್ಮೆ ಫೋನ್ ಕೇಳಿಸಲೇ ಇಲ್ಲ ಅಂತ ಸುಳ್ಳು ಹೇಳಿದ್ದೂ ಉಂಟು. ಎರಡು ಮೂರು ತಿಂಗಳಲ್ಲಿ ಆ ಚಡಪಡಿಕೆ ಹತ್ತು ನಿಮಿಷಕ್ಕೆ ಇಳಿಯಿತು. ಆ ಹತ್ತು ನಿಮಿಷ ನಾನೇನು ಮಾಡುತ್ತೇನೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ, ಗೆಳೆಯರಿಗೂ ಹೇಳಿಲ್ಲ. ನಿಮ್ಮದನ್ನು ನೀವೇ ಹುಡುಕಿಕೊಳ್ಳಿ. ಮೊಬೈಲ್ ನೋಡುವುದಂತೂ ಅಲ್ಲ.

ನಡುವೆ ಓಟದ ದೂರ, ವೇಗ ತೋರಿಸುವ ವಾಚಿನ ಮೇಲೂ ಪ್ರಯೋಗ ನಡೆಯಿತು. ಮನೆಯಲ್ಲಿ ಬಿಟ್ಟು ಹೋದೆ, ಮನಸ್ಸಿನಲ್ಲೇ ಹೆಜ್ಜೆ ಎಣಿಸತೊಡಗಿದೆ. ವಾಚ್ ಕಟ್ಟಿಕೊಂಡು ಪರದೆಗೆ ಟೇಪ್ ಹಚ್ಚಿದೆ, ಪರವಾಗಿಲ್ಲ ಅನಿಸಿತು. ಈಗ ಬೆಳಗ್ಗೆ ಏಳುವ ಮೊದಲು ನಾಡಿ ನೋಡುತ್ತೇನೆ, ಅಷ್ಟೇ. ಕೆಟ್ಟ ಕಾಲದಲ್ಲಿ 62-63 ಇರುತ್ತಿತ್ತು, ಈಗ 52ರ ಹತ್ತಿರ. ಆ್ಯಪ್‌ನ ಸ್ಟ್ರೀಕ್ ಅನ್ನು, ಅಂದರೆ ಒಂದು ದಿನವೂ ತಪ್ಪದ ಓಟದ ಲೆಕ್ಕವನ್ನು, ಬೇಕೆಂತಲೇ ಮುರಿದೆ. ಬ್ರಿಟನ್ನಿನ ರಾನ್ ಹಿಲ್ 1964ರಿಂದ 2017ರವರೆಗೆ, 52 ವರ್ಷ, ದಿನಾ ಕನಿಷ್ಠ ಒಂದು ಮೈಲಿ ಓಡಿದರು. ಕೊನೆಯ ದಿನ ಎದೆ ನೋಯುತ್ತಿದ್ದರೂ ಮೈಲಿ ಮುಗಿಸಿದರು. ಒಂದು ಕಾಲದಲ್ಲಿ ನನಗೆ ಅವರೇ ದೇವರು. ಈಗಲೂ ಗೌರವವಿದೆ, ಆದರೆ ಆ ಕೊನೆಯ ಮೈಲಿ ನೆನೆದರೆ ಭಯವಾಗುತ್ತದೆ.

ತೂಕ ಏರುತ್ತದೆಂಬ ಭಯಕ್ಕೆ, ತಿಂದದ್ದನ್ನು ಕರಗಿಸಲಿಕ್ಕೆ ಅಂತ ಓಡುವವರಿಗೆ ನನ್ನ ಉಪಾಯ ಸಾಲದು. ಅಲ್ಲಿ ಗಂಟು ಊಟದಲ್ಲಿದೆ. ಫೋನ್ ಮಾಡುವ ಗೆಳೆಯ ಅಲ್ಲ, ಡಾಕ್ಟರೇ ಬೇಕು.

ಜಿಮ್‌ನಲ್ಲಿ ಮಾತ್ರ ಇದು ಇನ್ನೂ ಕೂಡಿಬಂದಿಲ್ಲ. ಕೊನೆಯ ಸೆಟ್ ಬಿಡಬೇಕೆಂದು ಗೊತ್ತಿದ್ದರೆ ಅದರ ಹಿಂದಿನ ಸೆಟ್ಟಿಗೇ ಜಾಸ್ತಿ ತೂಕ ಹಾಕಿಬಿಡುತ್ತೇನೆ. ಯಾವ ಸೆಟ್ ಬಿಡಬೇಕೆಂದು ಈಗ ಚೀಟಿ ಎತ್ತಿ ನೋಡುತ್ತಿದ್ದೇನೆ. ಮೂರು ವಾರವಾಗಿರಬಹುದು, ಇನ್ನೂ ಏನೂ ಹೇಳಲಾಗದು.