ಕಣ್ಣಲ್ಲಿ ಗಡ್ಡೆ ಅಂದ ಮೇಲೆ ಆಪರೇಷನ್ ತನಕ ದಿನ ತಳ್ಳುವುದು ಹೇಗೆ?

ಹೈದರಾಬಾದಿನಲ್ಲಿ ಡಾಕ್ಟರು 'ಮೆಲನೋಮ' ಅಂದರು, ಅಂದರೆ ಒಂದು ಬಗೆಯ ಕ್ಯಾನ್ಸರ್. ಆಮೇಲೆ ಅವರು ಹೇಳಿದ್ದು ಒಂದೂ ನನ್ನ ತಲೆಗೆ ಹೋಗಲಿಲ್ಲ, ಕಲಬುರಗಿ ಸ್ಟೇಷನ್ ಬರುವ ತನಕ ರೈಲಿನ ಕಿಟಕಿ ನೋಡುತ್ತಾ ಕೂತಿದ್ದೆ. ಅದಕ್ಕೇ ಹೇಳುತ್ತೇನೆ, ಒಬ್ಬರೇ ಹೋಗಬೇಡಿ. ಜೊತೆಗೆ ಬಂದವರು ಬರೆದುಕೊಳ್ಳಲಿ, ಇಲ್ಲ ಡಾಕ್ಟರನ್ನು ಕೇಳಿ ಮೊಬೈಲಲ್ಲಿ ರೆಕಾರ್ಡ್ ಮಾಡಿಕೊಳ್ಳಿ.

ರಾತ್ರಿ ಭಯ ಒಂದೇ ಗಂಟಾಗಿ ಬಂದು ಎದೆ ಮೇಲೆ ಕೂರುತ್ತದೆ. ಆ ಗಂಟು ಬಿಚ್ಚಿ ಪ್ರಶ್ನೆ ಮಾಡಿಕೊಳ್ಳಿ. ಜೀವದ ಭಯ ಇದ್ದರೆ, ಬೇರೆ ಕಡೆ ಹರಡಿದೆಯಾ, ಲಿವರ್ ಸ್ಕ್ಯಾನ್ ಯಾವಾಗ ಅಂತ ಕೇಳಿ. ಈ ಮೆಲನೋಮ ಹರಡಿದರೆ ಜಾಸ್ತಿ ಹೋಗುವುದು ಲಿವರಿಗೇ. ಇನ್ನು ಕಣ್ಣು ಉಳಿಯುತ್ತಾ ಅನ್ನುವುದು ಬೇರೆ ಪ್ರಶ್ನೆ, ದೃಷ್ಟಿ ಉಳಿಯುತ್ತಾ ಅನ್ನುವುದು ಬೇರೆ. ನನಗಿದು ತಡವಾಗಿ ಗೊತ್ತಾಯಿತು. ಒಂದು ಚಿಕಿತ್ಸೆಯಲ್ಲಿ ನಾಣ್ಯದಂಥ ರೇಡಿಯೇಷನ್ ಬಿಲ್ಲೆಯನ್ನು ಕಣ್ಣಿನ ಗೋಡೆಗೆ ಹೊಲಿದು, ಕೆಲವು ದಿನ ಬಿಟ್ಟು ತೆಗೆಯುತ್ತಾರೆ; ಕಣ್ಣು ಉಳಿದರೂ ನೋಟ ಮುಂದೆ ನಿಧಾನಕ್ಕೆ ಮಂಜಾಗಬಹುದು. ಬಿಲ್ಲೆ ಇರುವಷ್ಟು ದಿನ ಮಕ್ಕಳು, ಗರ್ಭಿಣಿಯರು ಹತ್ತಿರ ಬರಬಾರದು. ಮೊಮ್ಮಗಳಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಪಾಪ, ಅಜ್ಜ ಮುನಿಸಿಕೊಂಡ ಅಂದುಕೊಳ್ಳುತ್ತಾಳೆ. ಕಣ್ಣನ್ನೇ ತೆಗೆಯಬೇಕಾದರೂ ಗಾಯ ಮಾಗಿದ ಮೇಲೆ ಇನ್ನೊಂದು ಕಣ್ಣಿನ ಬಣ್ಣಕ್ಕೆ ಹೊಂದುವ ಕೃತಕ ಕಣ್ಣು ಹಾಕುತ್ತಾರೆ.

ರೋಗಕ್ಕಿಂತ ನನ್ನನ್ನು ಜಾಸ್ತಿ ದಣಿಸಿದ್ದು ಮಾತಾಡಿಸಲು ಬಂದ ಜನ. ಒಬ್ಬರು ಯಾರದೋ ದೃಷ್ಟಿ ತಾಗಿದೆ ಅಂದರು, ಇನ್ನೊಬ್ಬರು ಕತ್ತರಿ ಹಾಕಿದರೆ ಹರಡುತ್ತದೆ ಅಂದರು, ಮೂರನೆಯವರು ಯಾರೋ ಸತ್ತ ಕಥೆ ತೆಗೆದರು, ಅದೂ ನನ್ನ ಮನೆಯ ಚಹಾ ಕುಡಿಯುತ್ತಾ! ಮನೆಯಲ್ಲಿ ಒಬ್ಬರನ್ನು ಬಾಗಿಲಿಗೆ ಇಡಿ. ನಮ್ಮಲ್ಲಿ ತಮ್ಮನ ಹೆಂಡತಿ ಆ ಕೆಲಸ ಮಾಡಿದಳು, "ಮಲಗಿದಾರ್ರೀ" ಅಂದರೆ ಮುಗೀತು. ಶರಣಬಸವೇಶ್ವರ ಗುಡಿಗೆ ಹೋಗಿ, ಬಂದೇ ನವಾಜ್ ದರ್ಗಾಕ್ಕೂ ಹೋಗಿ, ನಾನು ಎರಡಕ್ಕೂ ಹೋದೆ. ಆದರೆ ಯಾರದೋ ಬೇರು, ಕಷಾಯ ನಂಬಿ ಆಪರೇಷನ್ ತಾರೀಖು ಮುಂದೆ ಹಾಕಬೇಡಿ.

ಸುಮ್ನೆ ಕೂತರೆ ತಲೆ ತಿರುಗುತ್ತದೆ, ಅಲ್ವಾ? ಕೈಗೆ ಕೆಲಸ ಕೊಡಿ. ಗಡ್ಡೆ ಇರುವ ಕಣ್ಣು ಮುಚ್ಚಿಕೊಂಡು ಲೋಟಕ್ಕೆ ನೀರು ಹಾಕಿ ನೋಡಿ. ಮೊದಲ ಸಲ ಹೊರಗೇ ಬೀಳುತ್ತದೆ, ಒಂದೇ ಕಣ್ಣಿಗೆ ದೂರದ ಅಂದಾಜು ಸರಿಯಾಗಿ ಸಿಗುವುದಿಲ್ಲ. ತಂಬಿಗೆಯ ಬಾಯನ್ನು ಲೋಟದ ಅಂಚಿಗೆ ತಾಗಿಸಿ ಹಾಕಿದರೆ ಸರಿಯಾಗುತ್ತದೆ. ಮೆಟ್ಟಿಲು ಮಾತ್ರ ಒಬ್ಬರೇ ಪ್ರಯತ್ನಿಸಬೇಡಿ.

ಅಳು ಬಂದರೆ ಅಳಿ. ನಿದ್ದೆ, ಊಟ ಎರಡೂ ಬಿಟ್ಟುಹೋದರೆ ಡಾಕ್ಟರಿಗೆ ಹೇಳಿ, ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಹೊರಡುವ ಹಿಂದಿನ ದಿನ ಚೀಲಕ್ಕೆ ರಿಪೋರ್ಟ್, ಆಧಾರ್, ರೇಷನ್ ಕಾರ್ಡ್ ಹಾಕಿ. ಕಟಕ್ ರೊಟ್ಟಿ, ಶೇಂಗಾ ಹಿಂಡಿ ಮರೆಯಬೇಡಿ. ಆಪರೇಷನ್‌ಗೆ ಮುಂಚೆ ಖಾಲಿ ಹೊಟ್ಟೆಯಲ್ಲಿ ಇರಿಸುತ್ತಾರೆ, ಆಮೇಲೆ ಆಸ್ಪತ್ರೆ ಇಡ್ಲಿ ನನಗಂತೂ ಎರಡೇ ದಿನಕ್ಕೆ ಸಾಕಾಗಿತ್ತು.